ಇಂಗ್ಲಿಷ್ ವಾಕ್ಯದೊಳಗೆ ಪದದ ಸ್ಥಾನ: ಕನ್ನಡ ವಿದ್ಯಾರ್ಥಿಯ ದೃಷ್ಟಿಯಿಂದ ಒಂದು ವಿವೇಚನೆ

ಕರ್ನಾಟಕದ ಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣದ ಪಾಠವು ಬಹುಮಟ್ಟಿಗೆ ಎಂಟು ಹೆಸರುಗಳ ಒಂದು ಪಟ್ಟಿಯಿಂದ ಆರಂಭವಾಗುತ್ತದೆ. ನೌನ್, ಪ್ರೊನೌನ್, ಅಡ್ಜೆಕ್ಟಿವ್, ವರ್ಬ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್‌ಜೆಕ್ಷನ್ ಎಂಬ ಈ ಎಂಟು ಪದವರ್ಗಗಳ ಹೆಸರು, ಲಕ್ಷಣ ಮತ್ತು ಒಂದೆರಡು ಉದಾಹರಣೆಗಳನ್ನು ವಿದ್ಯಾರ್ಥಿಯು ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಅಡಿಗೆರೆ ಎಳೆದ ಪದವು ಯಾವ ವರ್ಗಕ್ಕೆ ಸೇರಿದ್ದೆಂದು ಬರೆದು ಅಂಕ ಪಡೆಯುತ್ತಾನೆ, ಆದರೂ ಅದೇ ಭಾಷೆಯಲ್ಲಿ ಸ್ವಂತವಾಗಿ ಒಂದು ಪ್ರಶ್ನೆ ಕೇಳಬೇಕಾದಾಗ ಅಥವಾ ‘ಇಲ್ಲ’ ಎಂದು ಹೇಳಬೇಕಾದಾಗ ತಡವರಿಸುತ್ತಾನೆ. ಈ ತಡವರಿಕೆಗೆ ಮಕ್ಕಳ ಬುದ್ಧಿಯನ್ನಾಗಲಿ ಶಿಕ್ಷಕರ ಶ್ರದ್ಧೆಯನ್ನಾಗಲಿ ದೂರುವ ಮೊದಲು ಆ ಪಟ್ಟಿ ಎಲ್ಲಿಂದ ಬಂತು, ಅದು ಇಂಗ್ಲಿಷಿನ ಸ್ವಭಾವಕ್ಕೆ ಎಷ್ಟು ಹೊಂದುತ್ತದೆ, ವಿಭಕ್ತಿಪ್ರತ್ಯಯಗಳ ಭಾಷೆಯಾದ ಕನ್ನಡದಿಂದ ಹೊರಟ ವಿದ್ಯಾರ್ಥಿಗೆ ಅದು ಯಾವ ಮಟ್ಟಿಗೆ ದಾರಿ ತೋರುತ್ತದೆ ಎಂಬುದನ್ನು ಪರಿಶೀಲಿಸುವುದು ಉಚಿತ.

ಎಂಟು ಎಂಬ ಸಂಖ್ಯೆ ಇಂಗ್ಲಿಷಿನದಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಅಲೆಕ್ಸಾಂಡ್ರಿಯಾದ ಡಯೊನೀಸಿಯಸ್ ಥ್ರಾಕ್ಸ್ ಎಂಬ ವಿದ್ವಾಂಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ವ್ಯಾಕರಣವು ನಾಮ, ಕ್ರಿಯೆ, ಕೃದಂತ, ಆರ್ಟಿಕಲ್, ಸರ್ವನಾಮ, ಪ್ರಿಪೊಸಿಷನ್, ಕ್ರಿಯಾವಿಶೇಷಣ, ಸಂಯೋಜಕ ಎಂದು ಎಂಟು ಭಾಗಗಳನ್ನು ಹೇಳಿತು. ಲ್ಯಾಟಿನ್ ವ್ಯಾಕರಣಕಾರರು ಇದನ್ನು ತಮ್ಮ ಭಾಷೆಗೆ ಅಳವಡಿಸಿಕೊಂಡಾಗ ಲ್ಯಾಟಿನ್ನಿನಲ್ಲಿ ಆರ್ಟಿಕಲ್ ಎಂಬುದೇ ಇಲ್ಲದ ಕಾರಣ ಅದನ್ನು ಬಿಟ್ಟರು. ಬಿಟ್ಟ ಜಾಗದಲ್ಲಿ ಹರ್ಷ, ಶೋಕ, ಬೆರಗುಗಳನ್ನು ಸೂಚಿಸುವ ಉದ್ಗಾರಗಳಿಗೆ ಪ್ರತ್ಯೇಕ ವರ್ಗವನ್ನು ಕಲ್ಪಿಸಿದ್ದರಿಂದ ಸಂಖ್ಯೆ ಎಂಟಾಗಿಯೇ ಉಳಿಯಿತು. ನಾಲ್ಕನೆಯ ಶತಮಾನದ ಡೊನೇಟಸ್ ಬರೆದ ಪ್ರಶ್ನೋತ್ತರ ರೂಪದ ಕಿರು ವ್ಯಾಕರಣವು ಯುರೋಪಿನ ಶಾಲೆಗಳಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿತ್ತು, ಮತ್ತು ಪದವರ್ಗಗಳು ಎಷ್ಟು ಎಂಬುದೇ ಅದರ ಮೊದಲ ಪ್ರಶ್ನೆಯಾಗಿತ್ತು. ಪಟ್ಟಿಯಿಂದ ಪಾಠವನ್ನು ಆರಂಭಿಸುವ ಪದ್ಧತಿಗೆ ಇಷ್ಟು ದೀರ್ಘವಾದ ವಂಶಾವಳಿ ಇದೆ.

ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಬರೆದ ಮೊದಲ ವ್ಯಾಕರಣವೆಂದು ಎಣಿಸಲಾಗುವ ವಿಲಿಯಂ ಬುಲೋಕರನ ಪುಸ್ತಿಕೆ 1586ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಕೂಡ ಲ್ಯಾಟಿನ್ನಿನಂತೆಯೇ ನಿಯಮಬದ್ಧವಾದ ಭಾಷೆ ಎಂದು ತೋರಿಸುವುದು ಅದರ ಉದ್ದೇಶವಾದ್ದರಿಂದ ಲ್ಯಾಟಿನ್ನಿನ ಚೌಕಟ್ಟನ್ನೇ ಅದು ಅನುಸರಿಸಿತು. ಲ್ಯಾಟಿನ್ ಪರಂಪರೆಯಲ್ಲಿ ಗುಣವಾಚಕಕ್ಕೆ ಸ್ವತಂತ್ರ ಸ್ಥಾನವಿರಲಿಲ್ಲ, ಏಕೆಂದರೆ ಆ ಭಾಷೆಯಲ್ಲಿ ಗುಣವಾಚಕವೂ ನಾಮದಂತೆಯೇ ವಿಭಕ್ತಿ, ಲಿಂಗ, ವಚನಗಳನ್ನು ತಾಳುತ್ತಿತ್ತು. ಹಾಗೆ ತಾಳದ ಇಂಗ್ಲಿಷಿನಲ್ಲಿ ಅದನ್ನು ನಾಮದಿಂದ ಬೇರ್ಪಡಿಸುವ ಕ್ರಮ ಹದಿನೆಂಟನೆಯ ಶತಮಾನದ ಹೊತ್ತಿಗೆ ನೆಲೆಗೊಂಡಿತು. 1762ರ ರಾಬರ್ಟ್ ಲೌತ್ ಮತ್ತು 1795ರ ಲಿಂಡ್ಲಿ ಮರ್ರೆ ಇಬ್ಬರೂ ಆರ್ಟಿಕಲ್ಲನ್ನು ಮರಳಿ ಸೇರಿಸಿ ಒಂಬತ್ತು ವರ್ಗಗಳನ್ನು ಹೇಳಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿದ್ದ ಜೆ.ಸಿ. ನೆಸ್‌ಫೀಲ್ಡ್, ಅನಂತರ 1930ರ ದಶಕದಲ್ಲಿ ಪಿ.ಸಿ. ರೆನ್ ಮತ್ತು ಎಚ್. ಮಾರ್ಟಿನ್ ರಚಿಸಿದ ವ್ಯಾಕರಣ ಪುಸ್ತಕಗಳು ಎಂಟರ ಪಟ್ಟಿಯನ್ನು ಭಾರತದ ಶಾಲೆಗಳಲ್ಲಿ ಸ್ಥಿರಗೊಳಿಸಿದವು. ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ‘ರೆನ್ ಅಂಡ್ ಮಾರ್ಟಿನ್’ ಎಂಬುದು ಇಬ್ಬರು ಲೇಖಕರ ಹೆಸರಾಗಿ ಉಳಿಯದೆ ವ್ಯಾಕರಣಕ್ಕೇ ಪರ್ಯಾಯನಾಮವಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಹೋಲಿಕೆ ಇದೆ. ಕನ್ನಡದ ಶಾಲಾ ವ್ಯಾಕರಣವು ಗುಣವಾಚಕ, ಸಂಖ್ಯಾವಾಚಕ, ದಿಗ್ವಾಚಕ, ಸರ್ವನಾಮಗಳನ್ನು ಇಂದಿಗೂ ನಾಮಪದದ ಪ್ರಭೇದಗಳೆಂದೇ ಹೇಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪದಗಳಿಗೆ ನಾಮ, ಆಖ್ಯಾತ, ಅವ್ಯಯ ಎಂಬ ಪ್ರಕರಣಗಳನ್ನು ಮೀಸಲಿಟ್ಟಿದ್ದಾನೆ. ಆಖ್ಯಾತವೆಂದರೆ ಕ್ರಿಯಾಪದ, ಅವ್ಯಯವೆಂದರೆ ಲಿಂಗ ವಚನ ವಿಭಕ್ತಿಗಳಿಂದ ರೂಪ ಬದಲಾಗದ ಪದ. ಈ ವಿಭಜನೆಯ ಆಧಾರವು ಪದದ ಅರ್ಥವಲ್ಲ, ಅದು ಯಾವ ಪ್ರತ್ಯಯಗಳನ್ನು ತಾಳುತ್ತದೆ ಎಂಬ ರೂಪಲಕ್ಷಣ. ಹೀಗೆ ಮೂರು ವಿಭಾಗಗಳಲ್ಲಿ ಯೋಚಿಸಲು ಕನ್ನಡದ ತರಗತಿಯಲ್ಲಿ ಕಲಿತ ಮಗು ಮುಂದಿನ ಗಂಟೆಯಲ್ಲಿ ಇಂಗ್ಲಿಷಿನ ತರಗತಿಗೆ ಹೋಗಿ ಎಂಟು ವಿಭಾಗಗಳನ್ನು ಕೇಳುತ್ತದೆ. ಎರಡು ಲೆಕ್ಕಗಳು ಏಕೆ ಬೇರೆ ಎಂಬುದನ್ನು ಅದಕ್ಕೆ ಹೇಳುವವರಿಲ್ಲ.

ಇಂಗ್ಲಿಷ್ ಪಟ್ಟಿಯ ನಿಜವಾದ ತೊಡಕು ಸಂಖ್ಯೆಯಲ್ಲಿಲ್ಲ, ಲಕ್ಷಣಗಳಲ್ಲಿದೆ. ವ್ಯಕ್ತಿ, ಸ್ಥಳ, ವಸ್ತುಗಳ ಹೆಸರು ನೌನ್; ಕ್ರಿಯೆಯನ್ನು ತಿಳಿಸುವುದು ವರ್ಬ್; ಗುಣವನ್ನು ತಿಳಿಸುವುದು ಅಡ್ಜೆಕ್ಟಿವ್ ಎಂಬ ಲಕ್ಷಣಗಳೆಲ್ಲ ಅರ್ಥವನ್ನು ಆಧರಿಸಿವೆ, ಮತ್ತು ಅರ್ಥವನ್ನು ಹಿಡಿದು ಹೊರಟವನನ್ನು ಇಂಗ್ಲಿಷ್ ಬೇಗನೆ ದಾರಿ ತಪ್ಪಿಸುತ್ತದೆ. ‘ಅರೈವಲ್’ ಎಂಬುದು ಬರುವ ಕ್ರಿಯೆಯನ್ನೇ ತಿಳಿಸಿದರೂ ನೌನ್ ಆಗಿದೆ. ‘ಕಾಸ್ಟ್’ ಎಂಬುದರಲ್ಲಿ ಯಾರೂ ಏನನ್ನೂ ಮಾಡುವುದಿಲ್ಲವಾದರೂ ‘ದಿ ಬುಕ್ ಕಾಸ್ಟ್ಸ್ ಎ ಹಂಡ್ರೆಡ್ ರುಪೀಸ್’ ಎನ್ನುವಾಗ ಅದು ವರ್ಬ್. ಇದಕ್ಕೂ ಮಿಗಿಲಾದ ನಿದರ್ಶನ ‘ರೌಂಡ್’ ಎಂಬ ಪದ. ‘ಎ ರೌಂಡ್ ಟೇಬಲ್’ ಎಂಬಲ್ಲಿ ಅದು ಮೇಜಿನ ಆಕಾರವನ್ನು ಹೇಳುವ ಅಡ್ಜೆಕ್ಟಿವ್; ‘ದಿ ಫಸ್ಟ್ ರೌಂಡ್’ ಎಂಬಲ್ಲಿ ಪಂದ್ಯದ ಒಂದು ಸುತ್ತಿನ ಹೆಸರಾದ ನೌನ್; ‘ದೇ ವಾಕ್ಡ್ ರೌಂಡ್ ದಿ ಟೆಂಪಲ್’ ಎಂಬಲ್ಲಿ ದೇವಸ್ಥಾನಕ್ಕೂ ನಡೆದದ್ದಕ್ಕೂ ಸಂಬಂಧ ಕಲ್ಪಿಸುವ ಪ್ರಿಪೊಸಿಷನ್; ‘ಶಿ ಟರ್ನ್ಡ್ ರೌಂಡ್’ ಎಂಬಲ್ಲಿ ತಿರುಗಿದ ಬಗೆಯನ್ನು ಹೇಳುವ ಅಡ್ವರ್ಬ್; ‘ದಿ ಬಸ್ ರೌಂಡೆಡ್ ದಿ ಕಾರ್ನರ್’ ಎಂಬಲ್ಲಿ ಭೂತಕಾಲದ ಪ್ರತ್ಯಯವನ್ನೂ ತೊಟ್ಟ ವರ್ಬ್. ಪದವನ್ನು ವಾಕ್ಯದಿಂದ ಕಿತ್ತು ಪ್ರತ್ಯೇಕವಾಗಿ ಇಟ್ಟು ಇದು ಯಾವ ವರ್ಗ ಎಂದು ಕೇಳಿದರೆ ಉತ್ತರವೇ ಇಲ್ಲ. ವಾಕ್ಯದೊಳಗೆ ಅದು ನಿಂತಿರುವ ಸ್ಥಾನವೇ ಅದರ ವರ್ಗವನ್ನು ನಿಶ್ಚಯಿಸುತ್ತದೆ.

ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫ್ರೀಸ್ 1952ರ ‘ದಿ ಸ್ಟ್ರಕ್ಚರ್ ಆಫ್ ಇಂಗ್ಲಿಷ್’ ಎಂಬ ಗ್ರಂಥದಲ್ಲಿ ಈ ಮಾತನ್ನು ಅದರ ಕೊನೆಯವರೆಗೂ ಕೊಂಡೊಯ್ದನು. ಸುಮಾರು 50 ಗಂಟೆಗಳ ದೂರವಾಣಿ ಸಂಭಾಷಣೆಯ ಧ್ವನಿಮುದ್ರಣವನ್ನು ಆಧಾರವಾಗಿ ಇಟ್ಟುಕೊಂಡು, ‘ದಿ ಕಾನ್ಸರ್ಟ್ ವಾಸ್ ಗುಡ್’ ಎಂಬಂಥ ಚಿಕ್ಕ ವಾಕ್ಯಗಳನ್ನು ಚೌಕಟ್ಟಾಗಿ ಬಳಸಿ, ಒಂದು ಪದವನ್ನು ತೆಗೆದ ಜಾಗದಲ್ಲಿ ಬೇರೆ ಯಾವ ಯಾವ ಪದಗಳು ಕೂರಬಲ್ಲವು ಎಂದು ಪರೀಕ್ಷಿಸಿ, ಒಂದೇ ಜಾಗದಲ್ಲಿ ಕೂರಬಲ್ಲವನ್ನೆಲ್ಲ ಒಂದು ವರ್ಗವೆಂದು ಎಣಿಸಿದನು. ಹೀಗೆ ದೊರೆತದ್ದು ನಾಲ್ಕು ದೊಡ್ಡ ವರ್ಗಗಳು ಮತ್ತು ವಾಕ್ಯವನ್ನು ಜೋಡಿಸುವ ಕೆಲಸದ ಪದಗಳ 15 ಸಣ್ಣ ಗುಂಪುಗಳು. ನೌನ್, ವರ್ಬ್ ಎಂಬ ಹಳೆಯ ಹೆಸರುಗಳನ್ನೂ ಬಿಟ್ಟು ಒಂದನೆಯ ವರ್ಗ, ಎರಡನೆಯ ವರ್ಗ ಎಂದು ಅಂಕಿಗಳಿಂದ ಕರೆದದ್ದು ಅತಿರೇಕವೇ ಸರಿ, ಮತ್ತು ಶಾಲೆಗಳು ಅದನ್ನು ಒಪ್ಪಲಿಲ್ಲ; ಆದರೆ ಜಾಗ ಬಿಟ್ಟು ತುಂಬಿಸುವ ಆ ಪರೀಕ್ಷೆಯು ಅರ್ಥಾಧಾರಿತ ಲಕ್ಷಣಗಳಿಗಿಂತ ಹೆಚ್ಚು ಭರವಸೆಯದು, ಹತ್ತು ವರ್ಷದ ಮಗುವೂ ಅದನ್ನು ಮಾಡಿ ನೋಡಬಲ್ಲದು.

ಸ್ಥಾನಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಬೆಲೆ ಬಂದದ್ದಕ್ಕೆ ಚಾರಿತ್ರಿಕ ಕಾರಣವಿದೆ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳು ಕರ್ತೃ, ಕರ್ಮ, ಸಂಬಂಧ, ಸಂಪ್ರದಾನಗಳಿಗೆ ಪ್ರತ್ಯಯಗಳನ್ನು ತಾಳುತ್ತಿದ್ದವು. ಹನ್ನೊಂದನೆಯ ಶತಮಾನದ ಅನಂತರ ಪದಾಂತ್ಯದ ಸ್ವರಗಳು ಸವೆಯುತ್ತ ಬಂದು ಈ ಪ್ರತ್ಯಯಗಳು ಒಂದರೊಡನೊಂದು ಬೆರೆತು ಅಳಿದವು. ಇಂದು ನಾಮಪದದಲ್ಲಿ ಉಳಿದಿರುವುದು ‘ಬಾಯ್ಸ್ ಬುಕ್’ ಎಂಬಲ್ಲಿನ ಷಷ್ಠಿಯ ಸಕಾರ ಮತ್ತು ಬಹುವಚನದ ಸಕಾರ ಮಾತ್ರ. ‘ಹಿ’ ಮತ್ತು ‘ಹಿಮ್’, ‘ಶಿ’ ಮತ್ತು ‘ಹರ್’, ‘ದೇ’ ಮತ್ತು ‘ದೆಮ್’ ಎಂಬ ಸರ್ವನಾಮದ ಜೋಡಿಗಳಲ್ಲಿ ಹಳೆಯ ವಿಭಕ್ತಿಯ ಕುರುಹು ಇನ್ನೂ ಇದೆ. ಪ್ರತ್ಯಯಗಳು ಹೋದ ಮೇಲೆ ಕಚ್ಚಿದ್ದು ಯಾರು, ಕಚ್ಚಿಸಿಕೊಂಡದ್ದು ಯಾರು ಎಂಬುದನ್ನು ತಿಳಿಸುವ ಹೊಣೆ ಪದಗಳ ಕ್ರಮದ ಮೇಲೆ ಬಿತ್ತು. ಕನ್ನಡದಲ್ಲಿ ‘ನಾಯಿ ಹುಡುಗನನ್ನು ಕಚ್ಚಿತು’ ಎಂದರೂ ‘ಹುಡುಗನನ್ನು ನಾಯಿ ಕಚ್ಚಿತು’ ಎಂದರೂ, ಮಾತಿನ ಭರದಲ್ಲಿ ‘ಕಚ್ಚಿತು ನಾಯಿ ಹುಡುಗನನ್ನು’ ಎಂದರೂ, ದ್ವಿತೀಯಾ ವಿಭಕ್ತಿಯ ‘ಅನ್ನು’ ಇರುವವರೆಗೆ ಹುಡುಗನ ಪಾಡು ಬದಲಾಗುವುದಿಲ್ಲ. ‘ದಿ ಡಾಗ್ ಬಿಟ್ ದಿ ಬಾಯ್’ ಎಂಬುದರಲ್ಲಿ ಎರಡು ನಾಮಪದಗಳನ್ನು ಅದಲು ಬದಲು ಮಾಡಿದರೆ ಮಾತ್ರ ಹುಡುಗನೇ ನಾಯಿಯನ್ನು ಕಚ್ಚಿದಂತಾಗುತ್ತದೆ. ಕನ್ನಡದ ವಿದ್ಯಾರ್ಥಿಗೆ ಇಂಗ್ಲಿಷ್ ವ್ಯಾಕರಣದ ಮೊದಲ ಪಾಠ ಇದಾಗಬೇಕು: ಕನ್ನಡದಲ್ಲಿ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಜಾಗ ಮಾಡುತ್ತದೆ, ಕ್ರಿಯಾಪದದ ಮುಂಚಿನ ಜಾಗ ಕರ್ತೃವಿನದು, ಅದರ ಅನಂತರದ ಜಾಗ ಕರ್ಮದ್ದು.

ಈ ಒಂದು ಸಂಗತಿ ಸ್ಪಷ್ಟವಾದ ಮೇಲೆ ಅನೇಕ ವಿವರಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಕನ್ನಡದ ಕ್ರಿಯಾಪದವು ಬಂದನು, ಬಂದಳು, ಬಂದಿತು, ಬಂದರು ಎಂದು ಕರ್ತೃವಿನ ಲಿಂಗ, ವಚನ, ಪುರುಷಗಳನ್ನು ತನ್ನ ಕೊನೆಯಲ್ಲಿಯೇ ಹೊತ್ತಿರುವುದರಿಂದ ಕರ್ತೃಪದವನ್ನು ಬಿಟ್ಟರೂ ಅರ್ಥಕ್ಕೆ ಲೋಪವಿಲ್ಲ. ಇಂಗ್ಲಿಷಿನ ‘ಕೇಮ್’ ಎಲ್ಲರಿಗೂ ಒಂದೇ ಆದ್ದರಿಂದ ಕರ್ತೃವಿನ ಜಾಗವನ್ನು ಖಾಲಿ ಬಿಡುವಂತಿಲ್ಲ. ಹೇಳಲು ಕರ್ತೃವೇ ಇಲ್ಲದ ಸಂದರ್ಭದಲ್ಲಿಯೂ ಆ ಜಾಗಕ್ಕೆ ಒಂದು ಪದ ಬೇಕು. ‘ಇಟ್ ಈಸ್ ರೇನಿಂಗ್’ ಎಂಬ ವಾಕ್ಯದ ‘ಇಟ್’ ಯಾವುದನ್ನೂ ಸೂಚಿಸದೆ ಆ ಸ್ಥಾನವನ್ನು ತುಂಬಲೆಂದೇ ಬಂದಿದೆ. ಸರ್ವನಾಮವೆಂದರೆ ನಾಮಪದದ ಬದಲಿಗೆ ಬರುವುದು ಎಂಬ ಲಕ್ಷಣವನ್ನು ನಂಬಿದ ವಿದ್ಯಾರ್ಥಿಯು ಈ ‘ಇಟ್’ ಯಾವ ನಾಮಪದದ ಬದಲಿಗೆ ಬಂದಿದೆ ಎಂದು ಕೇಳಿದರೆ ಆ ಲಕ್ಷಣದ ಬಳಿ ಉತ್ತರವಿಲ್ಲ. ಕ್ರಿಯಾಪದದ ಜಾಗಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ‘ಅವಳು ಡಾಕ್ಟರ್’ ಎಂದು ಕನ್ನಡದಲ್ಲಿ ಕ್ರಿಯಾಪದವಿಲ್ಲದೆ ಪೂರ್ಣ ವಾಕ್ಯ ಹೇಳಬಹುದು, ಇಂಗ್ಲಿಷಿನಲ್ಲಿ ‘ಶಿ ಈಸ್ ಎ ಡಾಕ್ಟರ್’ ಎನ್ನಲೇಬೇಕು.

ಹಸಿವು, ಜ್ವರ, ನೆನಪು, ಇಷ್ಟ, ಒಡೆತನಗಳ ವಿಷಯದಲ್ಲಿ ಎರಡು ಭಾಷೆಗಳ ಅಂತರ ಇನ್ನೂ ಆಳವಾಗಿದೆ. ‘ಅವಳಿಗೆ ಹಸಿವಾಗಿದೆ’, ‘ಅವಳಿಗೆ ಜ್ವರ ಬಂದಿದೆ’, ‘ಅವಳಿಗೆ ಇಬ್ಬರು ಮಕ್ಕಳಿದ್ದಾರೆ’ ಎಂದು ಕನ್ನಡವು ಅನುಭವಿಸುವವರನ್ನು ಚತುರ್ಥಿ ವಿಭಕ್ತಿಯಲ್ಲಿ ಇರಿಸಿ, ಹಸಿವು, ಜ್ವರ, ಮಕ್ಕಳನ್ನೇ ಕ್ರಿಯೆಯ ಕರ್ತೃವಾಗಿಸುತ್ತದೆ. ಇಂಗ್ಲಿಷ್ ಅನುಭವಿಸುವವರನ್ನೇ ಮೊದಲ ಜಾಗಕ್ಕೆ ಎಳೆದು ತಂದು ‘ಶಿ ಈಸ್ ಹಂಗ್ರಿ’, ‘ಶಿ ಹ್ಯಾಸ್ ಎ ಫೀವರ್’, ‘ಶಿ ಹ್ಯಾಸ್ ಟೂ ಚಿಲ್ಡ್ರನ್’ ಎನ್ನುತ್ತದೆ. ಮೂರು ಕನ್ನಡ ವಾಕ್ಯಗಳಿಗೂ ಸಮಾನವಾದ ‘ಅವಳಿಗೆ’ ಎಂಬುದನ್ನು ‘ಟು ಹರ್’ ಎಂದು ಮಾರ್ಪಡಿಸಲು ಹೊರಟರೆ ಒಂದೂ ವಾಕ್ಯ ನಿಲ್ಲದು. ಪದವರ್ಗಗಳ ಪಟ್ಟಿಯನ್ನು ಎಷ್ಟು ಚೆನ್ನಾಗಿ ಕಲಿತರೂ ಈ ಪಲ್ಲಟ ಅದರಿಂದ ತಿಳಿಯುವಂಥದ್ದಲ್ಲ; ವಾಕ್ಯದ ಎದುರು ವಾಕ್ಯವನ್ನು ಇಟ್ಟು ನೋಡಿದಾಗ ಮಾತ್ರ ತಿಳಿಯುತ್ತದೆ.

ಪ್ರಶ್ನೆ ಮತ್ತು ನಿಷೇಧಗಳ ರಚನೆಯು ಬಹುಶಃ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಭಾಗ. ಕನ್ನಡದಲ್ಲಿ ‘ಬಂದನು’ ಎಂಬುದಕ್ಕೆ ಏಕಾರವನ್ನೋ ಆಕಾರವನ್ನೋ ಸೇರಿಸಿ ‘ಬಂದನೇ’, ‘ಬಂದನಾ’ ಎಂದರೆ ಪ್ರಶ್ನೆ ಸಿದ್ಧ. ಇಂಗ್ಲಿಷಿನಲ್ಲಿ ಇದಕ್ಕೆ ಸಹಾಯಕ ಕ್ರಿಯಾಪದ, ಅಂದರೆ ಮುಖ್ಯ ಕ್ರಿಯಾಪದಕ್ಕೆ ಕಾಲ, ನಿಷೇಧ, ಪ್ರಶ್ನೆಗಳ ಹೊರೆಯನ್ನು ಹೊರಲು ಜೊತೆಯಾಗುವ ಪದ, ಬೇಕಾಗುತ್ತದೆ. ‘ಈಸ್’, ‘ಹ್ಯಾಸ್’, ‘ಕ್ಯಾನ್’, ‘ವಿಲ್’ ಮೊದಲಾದವು ಇದ್ದರೆ ಅವೇ ಕರ್ತೃವಿನ ಮುಂದಕ್ಕೆ ಜರುಗುತ್ತವೆ, ಯಾವುದೂ ಇಲ್ಲದಿದ್ದರೆ ‘ಡು’ ಎಂಬುದನ್ನು ಕರೆತರಬೇಕು. ಷೇಕ್ಸ್‌ಪಿಯರನ ಕಾಲದಲ್ಲಿ ‘ಡು’ ಇಲ್ಲದೆಯೂ ಪ್ರಶ್ನೆ ಕೇಳಬಹುದಾಗಿತ್ತು, ಅನಂತರದ ಶತಮಾನಗಳಲ್ಲಿ ಅದು ಕಡ್ಡಾಯವಾಯಿತು. ಹೀಗೆ ಕರೆತಂದ ‘ಡು’ ಕಾಲವನ್ನೂ ಪ್ರಥಮಪುರುಷ ಏಕವಚನದ ಸಕಾರವನ್ನೂ ಮುಖ್ಯ ಕ್ರಿಯಾಪದದಿಂದ ತಾನು ತೆಗೆದುಕೊಳ್ಳುತ್ತದೆ. ‘ಹಿ ಕಮ್ಸ್’ ಎಂಬುದು ‘ಡಸ್ ಹಿ ಕಮ್’ ಆಗುತ್ತದೆ, ‘ಹಿ ಕೇಮ್’ ಎಂಬುದು ‘ಡಿಡ್ ಹಿ ಕಮ್’ ಆಗುತ್ತದೆ. ‘ಡಸ್ ಹಿ ಕಮ್ಸ್’, ‘ಡಿಡ್ ಹಿ ಕೇಮ್’ ಎಂಬ ಅತಿ ಸಾಮಾನ್ಯವಾದ ತಪ್ಪುಗಳು ಒಂದೇ ಹೊರೆಯನ್ನು ಎರಡು ಕಡೆ ಹೊರಿಸಿದ್ದರ ಫಲ.

ಈ ತಪ್ಪನ್ನು ತಿದ್ದುವ ಸಾಧನ ಕನ್ನಡದೊಳಗೇ ಇದೆ ಎಂಬುದನ್ನು ಶಾಲಾ ಪುಸ್ತಕಗಳು ಅಪರೂಪಕ್ಕೂ ಹೇಳುವುದಿಲ್ಲ. ಬಂದನು, ಬಂದಳು, ಬಂದರು ಎಂಬ ಮೂರು ಭಿನ್ನರೂಪಗಳಿಗೂ ನಿಷೇಧ ‘ಬರಲಿಲ್ಲ’ ಎಂದೇ. ಇಲ್ಲಿ ಕ್ರಿಯಾಪದವು ಕಾಲವನ್ನೂ ಲಿಂಗವಚನಗಳನ್ನೂ ಕಳಚಿ ‘ಬರಲು’ ಎಂಬ ಬರಿಯ ರೂಪಕ್ಕೆ ಮರಳುತ್ತದೆ, ಉಳಿದದ್ದನ್ನು ‘ಇಲ್ಲ’ ಎಂಬುದು ವಹಿಸಿಕೊಳ್ಳುತ್ತದೆ. ‘ಅವನು ಬಂದನು ಇಲ್ಲ’ ಎನ್ನುವ ಕನ್ನಡಿಗನಿಲ್ಲ. ‘ಹಿ ಡಿಡ್ ನಾಟ್ ಕೇಮ್’ ಎಂಬುದು ಇಂಗ್ಲಿಷರ ಕಿವಿಗೆ ಹಾಗೆಯೇ ಕೇಳಿಸುತ್ತದೆ. ಇಷ್ಟನ್ನು ಕಪ್ಪುಹಲಗೆಯ ಮೇಲೆ ಎದುರುಬದುರಾಗಿ ಬರೆದು ತೋರಿಸಿದರೆ ಸಹಾಯಕ ಕ್ರಿಯಾಪದದ ಮೇಲಿನ ಹಲವು ಪುಟಗಳ ವಿವರಣೆ ಅನಾವಶ್ಯಕವಾಗುತ್ತದೆ.

ಆರ್ಟಿಕಲ್ಲುಗಳ ಸಂಗತಿಯೂ ಹೀಗೆಯೇ. ‘ಎ’, ‘ಆ್ಯನ್’, ‘ದಿ’ ಎಂಬ ಮೂರು ಪುಟ್ಟ ಪದಗಳಿಗೆ ಸಮಾನವಾದುದು ಕನ್ನಡದಲ್ಲಿ ಇಲ್ಲವೆಂದು ಹೇಳುವುದು ವಾಡಿಕೆ, ಆದರೆ ಅವು ಮಾಡುವ ಕೆಲಸ ಕನ್ನಡಕ್ಕೆ ಅಪರಿಚಿತವಲ್ಲ. ‘ಅವಳು ಪುಸ್ತಕ ತಂದಳು’ ಎಂದರೆ ಯಾವುದೋ ಒಂದು ಪುಸ್ತಕ. ‘ಅವಳು ಪುಸ್ತಕವನ್ನು ತಂದಳು’ ಎಂದರೆ ಕೇಳುವವರಿಗೆ ಆಗಲೇ ಗೊತ್ತಿರುವ ಪುಸ್ತಕ ಎಂಬ ಧ್ವನಿ ಬರುತ್ತದೆ. ಅಚೇತನ ವಸ್ತುವಿನ ವಿಷಯದಲ್ಲಿ ‘ಅನ್ನು’ ಪ್ರತ್ಯಯವನ್ನು ಬಿಡುವ ಮತ್ತು ಇಡುವ ಈ ವ್ಯತ್ಯಾಸವು ‘ಎ ಬುಕ್’ ಮತ್ತು ‘ದಿ ಬುಕ್’ಗಳ ವ್ಯತ್ಯಾಸಕ್ಕೆ ಬಹಳ ಹತ್ತಿರದ್ದು, ಅದು ಎಲ್ಲ ಸಂದರ್ಭಗಳಲ್ಲೂ ಸರಿಹೊಂದದಿದ್ದರೂ ಆರಂಭದ ತಿಳಿವಳಿಕೆಗೆ ಸಾಕು. ‘ಎ’ ಮತ್ತು ‘ಆ್ಯನ್’ಗಳ ಆಯ್ಕೆಯಲ್ಲಂತೂ ಕನ್ನಡ ಲಿಪಿಯೇ ನೆರವಿಗೆ ಬರುತ್ತದೆ. ಮುಂದಿನ ಪದವು ಸ್ವರಧ್ವನಿಯಿಂದ ಆರಂಭವಾದರೆ ‘ಆ್ಯನ್’ ಎಂಬುದು ನಿಯಮ. ರೋಮನ್ ಅಕ್ಷರಗಳು ಈ ಧ್ವನಿಯನ್ನು ಮರೆಮಾಚುತ್ತವೆ. ‘ಅವರ್’ ಮತ್ತು ‘ಯೂನಿವರ್ಸಿಟಿ’ ಎಂದು ಕನ್ನಡದಲ್ಲಿ ಬರೆದ ಕೂಡಲೇ ಮೊದಲನೆಯದಕ್ಕೆ ‘ಆ್ಯನ್’, ಎರಡನೆಯದಕ್ಕೆ ‘ಎ’ ಏಕೆಂಬುದು ಕಣ್ಣಿಗೇ ಕಾಣುತ್ತದೆ. ‘ಎಗ್’ ಎಂಬುದನ್ನು ‘ಯೆಗ್ಗು’ ಎನ್ನುವ ಉಚ್ಚಾರಣೆಯ ರೂಢಿ ಮಾತ್ರ ಇಲ್ಲಿ ಅಡ್ಡ ಬಂದೀತು, ಅದನ್ನು ತಿದ್ದುವುದು ಬೇರೆ ಪಾಠ.

ಪ್ರಿಪೊಸಿಷನ್ನಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಅದು ನಾಮಪದದ ಹಿಂದೆ ಬರದೆ ಮುಂಚೆ ಬರುತ್ತದೆ, ಕನ್ನಡದ ‘ಇಂದ’, ‘ಗೆ’, ‘ಅಲ್ಲಿ’ ಪ್ರತ್ಯಯಗಳ ಮತ್ತು ‘ಮೇಲೆ’, ‘ಒಳಗೆ’ ಎಂಬ ಪದಗಳ ಕೆಲಸವನ್ನು ಹಂಚಿಕೊಳ್ಳುತ್ತದೆ, ಮತ್ತು ಯಾವ ಕ್ರಿಯಾಪದಕ್ಕೆ ಯಾವುದು ಜೊತೆಯಾಗುತ್ತದೆ ಎಂಬುದು ಬಳಕೆಯಿಂದಲೇ ತಿಳಿಯಬೇಕಾದದ್ದು. ಅಡ್ವರ್ಬ್ ಎಂಬುದಾದರೋ ಬೇರೆಲ್ಲಿಯೂ ಸಲ್ಲದ ಪದಗಳನ್ನು ಕೂಡಿಹಾಕಿದ ವರ್ಗ. ‘ಕ್ವಿಕ್ಲಿ’, ‘ವೆರಿ’, ‘ಯೆಸ್ಟರ್‌ಡೇ’, ‘ನಾಟ್’ ಇವು ನಾಲ್ಕೂ ಒಂದೇ ಜಾಗದಲ್ಲಿ ಕೂರುವ ಪದಗಳಲ್ಲ, ಪಟ್ಟಿ ಮಾತ್ರ ಅವನ್ನು ಒಂದೇ ಹೆಸರಿನಿಂದ ಕರೆಯುತ್ತದೆ.

ಹಾಗಾದರೆ ಪಟ್ಟಿಯ ಬದಲಿಗೆ ಯಾವುದರಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹೊಸದಲ್ಲ. ಸಿ.ಟಿ. ಅನಿಯನ್ಸ್ 1904ರಲ್ಲಿಯೇ ಇಂಗ್ಲಿಷ್ ವಾಕ್ಯದ ಆಖ್ಯಾತಭಾಗ, ಅಂದರೆ ಕರ್ತೃವನ್ನು ಕುರಿತು ಹೇಳುವ ಭಾಗವು, ಐದು ಆಕಾರಗಳಲ್ಲಿ ಇರುತ್ತದೆಂದು ತೋರಿಸಿದ್ದನು. ‘ಬರ್ಡ್ಸ್ ಫ್ಲೈ’ ಎಂಬುದರಲ್ಲಿ ಕ್ರಿಯಾಪದವೊಂದೇ ಸಾಕು. ‘ಶಿ ಈಸ್ ಎ ಡಾಕ್ಟರ್’ ಎಂಬುದರಲ್ಲಿ ಕರ್ತೃವನ್ನೇ ವಿವರಿಸುವ ಪೂರಕ ಬೇಕು. ‘ದಿ ಕ್ಯಾಟ್ ಡ್ರಿಂಕ್ಸ್ ಮಿಲ್ಕ್’ ಎಂಬುದರಲ್ಲಿ ಕರ್ಮ ಬೇಕು. ‘ಹಿ ಗೇವ್ ದಿ ಚೈಲ್ಡ್ ಎ ಪೆನ್’ ಎಂಬುದರಲ್ಲಿ ಪಡೆಯುವವರು ಮತ್ತು ಕೊಟ್ಟ ವಸ್ತು ಎಂದು ಎರಡು ಕರ್ಮಗಳು. ‘ದೇ ಮೇಡ್ ಹರ್ ಪ್ರೆಸಿಡೆಂಟ್’ ಎಂಬುದರಲ್ಲಿ ಕರ್ಮ ಮತ್ತು ಅದರ ಪೂರಕ. ಎ.ಎಸ್. ಹಾರ್ನ್‌ಬಿ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ 1954ರಲ್ಲಿ ಕ್ರಿಯಾಪದಗಳ ಮಾದರಿಗಳನ್ನು ವಿಸ್ತಾರವಾಗಿ ವರ್ಗೀಕರಿಸಿದನು. ಈ ಐದು ಆಕಾರಗಳನ್ನು ನೂರಾರು ಸರಳ ವಾಕ್ಯಗಳ ಮೂಲಕ ಕೈಗೂಡಿಸಿಕೊಂಡ ವಿದ್ಯಾರ್ಥಿಗೆ ನೌನ್ ಎಂದರೆ ಕರ್ತೃವಿನ ಮತ್ತು ಕರ್ಮದ ಜಾಗದಲ್ಲಿ ಕೂರಬಲ್ಲದ್ದು, ‘ದಿ’ ಎಂಬುದನ್ನು ಮುಂದಿಟ್ಟುಕೊಳ್ಳಬಲ್ಲದ್ದು; ವರ್ಬ್ ಎಂದರೆ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದು; ಅಡ್ಜೆಕ್ಟಿವ್ ಎಂದರೆ ‘ದಿ’ಗೂ ನೌನಿಗೂ ನಡುವೆ ನಿಲ್ಲಬಲ್ಲದ್ದು ಎಂಬ ತಿಳಿವು ಲಕ್ಷಣವನ್ನು ಉರುಹೊಡೆಯದೆ ಬರುತ್ತದೆ, ಮತ್ತು ಹೆಸರುಗಳನ್ನು ಆಗ ಕೊಟ್ಟರೆ ಅವು ಕಂಡ ವಸ್ತುವಿಗೆ ಇಟ್ಟ ಹೆಸರುಗಳಾಗಿ ನಿಲ್ಲುತ್ತವೆ.

ಇದರಿಂದ ಪದವರ್ಗಗಳ ಹೆಸರುಗಳೇ ಬೇಡ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ವ್ಯಾಕರಣವನ್ನು ಹೆಸರಿಸಿ ಕಲಿಸುವುದೇ ತಪ್ಪು, ಕೇಳುತ್ತ ಮಾತಾಡುತ್ತ ತಾನಾಗಿ ಬರುತ್ತದೆ ಎಂಬ ವಾದವು ಮನೆಯಲ್ಲೂ ಬೀದಿಯಲ್ಲೂ ಇಂಗ್ಲಿಷ್ ಕಿವಿಗೆ ಬೀಳುವ ಮಕ್ಕಳಿಗೆ ಸಲ್ಲಬಹುದು; ತರಗತಿಯ ನಲವತ್ತು ನಿಮಿಷಗಳ ಹೊರಗೆ ಆ ಭಾಷೆಯನ್ನೇ ಕೇಳದ ಹಳ್ಳಿಯ ಮಗುವಿಗೆ ನಿಯಮವನ್ನು ಸ್ಪಷ್ಟವಾಗಿ ಹೇಳಿಕೊಡದಿರುವುದು ಅನ್ಯಾಯ. ನಿಘಂಟು ನೋಡಲೂ, ತಪ್ಪನ್ನು ಶಿಕ್ಷಕರೊಡನೆ ಚರ್ಚಿಸಲೂ ಹೆಸರುಗಳು ಬೇಕೇ ಬೇಕು. ಆಕ್ಷೇಪವಿರುವುದು ಕ್ರಮದ ಬಗ್ಗೆ, ಮತ್ತು ಇಂಗ್ಲಿಷ್ ತರಗತಿಯಲ್ಲಿ ಕನ್ನಡವನ್ನು ಹೊರಗಿಡುವ ಹಟದ ಬಗ್ಗೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಇಷ್ಟು ಬೇಗ ಆರಂಭಿಸಿದ ಕಲಿಕೆಯನ್ನು ಅಡಿಗೆರೆ ಎಳೆದ ಪದದ ವರ್ಗ ಹೇಳಿಸುವ ಪ್ರಶ್ನೆಯಿಂದ ಅಳೆಯುವುದರಲ್ಲಿ ಅರ್ಥವಿಲ್ಲ. ಪ್ರಶ್ನಪತ್ರಿಕೆಗಳನ್ನು ಸಿದ್ಧಪಡಿಸುವವರು ಆ ಪ್ರಶ್ನೆಯನ್ನು ಕೈಬಿಟ್ಟು, ಒಂದು ವಾಕ್ಯವನ್ನು ಪ್ರಶ್ನೆಯಾಗಿಸಿ, ನಿಷೇಧವಾಗಿಸಿ, ಖಾಲಿ ಜಾಗಕ್ಕೆ ಹೊಂದುವ ಪದಗಳನ್ನು ತಾವೇ ಹುಡುಕಿ ಬರೆಯುವಂತೆ ಕೇಳಬೇಕು. ಶಿಕ್ಷಕರು ‘ಬರಲಿಲ್ಲ’ ಮತ್ತು ‘ಡಿಡ್ ನಾಟ್ ಕಮ್’ ಎಂಬ ಎರಡನ್ನೂ ಒಂದೇ ಹಲಗೆಯ ಮೇಲೆ ಬರೆಯಲು ಹಿಂಜರಿಯಬಾರದು.